ಏನು ತಿಂದೆ ಎಂದು ಕೇಳುತ್ತಿದ್ದೆ

ಕೋಲಾರದ ಆಸ್ಪತ್ರೆಯಲ್ಲಿ ನಮ್ಮ ದೊಡ್ಡ ಡಾಕ್ಟರು ಒಂದು ಬೆಳಿಗ್ಗೆ ನನ್ನನ್ನು ಕರೆದು, "ಶ್ರೀನಿವಾಸಪುರದಲ್ಲಿ ಒಂದು ಮನೆ ಇದೆಯಮ್ಮ. ಮೂರು ತಿಂಗಳು ಅಲ್ಲೇ ಇದ್ದು ಒಂದು ಹುಡುಗಿಯನ್ನ ನೋಡ್ಕೋಬೇಕು. ದಿನಕ್ಕೆ ಎರಡು ಇಂಜೆಕ್ಷನ್, ಎರಡು ಪರೀಕ್ಷೆ. ಬೇರೆ ಏನೂ ಕೆಲಸ ಇಲ್ಲ" ಎಂದರು. ಬೇರೆ ಏನೂ ಕೆಲಸ ಇಲ್ಲ ಎಂಬುದನ್ನು ನಂಬಿಕೊಂಡು ನಾನು ಟ್ರಂಕಿಗೆ ಬಟ್ಟೆ ತುಂಬಿದೆ.

ಯುದ್ಧದ ಕಾಲ. ಪೆಟ್ರೋಲ್ ಸಿಕ್ಕುತ್ತಿರಲಿಲ್ಲ. ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಅಂಥ ಒಂದು ಬಸ್ಸಿನಲ್ಲಿ, ಏರು ಬಂದಲ್ಲೆಲ್ಲ ಇಳಿದು ನಡೆದು, ಮಧ್ಯಾಹ್ನದ ಹೊತ್ತಿಗೆ ಆ ಮನೆ ಸೇರಿದೆ. ಯಜಮಾನರಿಗೆ ಊರಾಚೆ ಮಾವಿನ ತೋಪುಗಳಿದ್ದವು. ಮನೆಯ ಮುಂಭಾಗವೇ ಹಣ್ಣಿನ ಮಂಡಿ. ಹಿಂದೆ ತೊಟ್ಟಿಯ ಮನೆ. ಏಪ್ರಿಲ್ ತಿಂಗಳು, ಮೊದಲ ರಸಪೂರಿ ಬರುತ್ತಿದ್ದ ಕಾಲ. ಹುಲ್ಲು ಹಾಸಿ ಹಣ್ಣಿಗಿಟ್ಟ ಕಾಯಿಗಳ ವಾಸನೆ ಬಾಗಿಲಿಗೆ ಬರುವ ಮೊದಲೇ ಮೂಗಿಗೆ ಬಡಿಯಿತು. ಹಾಸಿಗೆ, ದಿಂಬು, ಕುಡಿಯುವ ನೀರು, ಎಲ್ಲಕ್ಕೂ ಅದೇ ವಾಸನೆ. ಅಂಥ ಮನೆಯಲ್ಲಿ ಒಂದು ಹೋಳು ಮಾವಿನ ಹಣ್ಣನ್ನೂ ತಿನ್ನಕೂಡದ ಹುಡುಗಿ ಇದ್ದಳು.

ಅವಳಿಗೆ ಹದಿನಾರು ವರ್ಷ. ಹಿಂದಿನ ವರ್ಷ ಇದ್ದಕ್ಕಿದ್ದಂತೆ ಸೊರಗಿ, ಕೊಡಗಟ್ಟಲೆ ನೀರು ಕುಡಿಯತೊಡಗಿದಾಗ ಕೋಲಾರಕ್ಕೆ ಕರೆತಂದಿದ್ದರು. ಆಗ ಸಿಹಿಮೂತ್ರದ ಕಾಯಿಲೆ ಎಂದು ಗೊತ್ತಾಯಿತು. ಓದು ಬಿಡಿಸಿದ್ದರು. ಮನೆಯವರೆಲ್ಲ ಅವಳನ್ನು ಪಾಪ ಎಂದು ಕರೆಯುತ್ತಿದ್ದರು. ತೆಲುಗು ಬೆರೆತ ಆ ಸೀಮೆಯಲ್ಲಿ ಮುದ್ದಿನ ಹೆಣ್ಣುಮಗುವಿಗೆ ಅದೇ ಹೆಸರು. ನೋಡಲು ಬಂದ ನೆಂಟರು "ಅಯ್ಯೋ ಪಾಪ" ಎಂದು ಲೊಚಗುಟ್ಟಿ ಹೋದ ಮೇಲೆ ಹುಡುಗಿ ನನ್ನ ಕಡೆ ತಿರುಗಿ, "ನೋಡಿದ್ರಾ ನರ್ಸಮ್ಮ, ಎಲ್ರೂ ನನ್ನ ಹೆಸರು ಹಿಡಿದೇ ಕರೀತಾರೆ" ಎಂದಳು. ನಾನು ನಗಲಿಲ್ಲ. ರೋಗಿಯ ಜೊತೆ ಸಲಿಗೆ ಕೂಡದೆಂದು ನಮಗೆ ತರಬೇತಿಯಲ್ಲಿ ಹೇಳಿದ್ದರು.

ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಏಳಕ್ಕೆ ಮುಂಚೆ ಅವಳು ಒಂದು ಲೋಟದಲ್ಲಿ ಮೂತ್ರ ತಂದಿಡಬೇಕು. ಗಾಜಿನ ನಳಿಕೆಗೆ ಐದು ಸಿಸಿ ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ. ಇಟ್ಟಿಗೆಯ ಕೆಂಪು ಬಂದರೆ ಕೆಟ್ಟದ್ದು. ಬಣ್ಣವನ್ನು ಪುಸ್ತಕದಲ್ಲಿ ಬರೆದು, ಡಾಕ್ಟರು ಕೊಟ್ಟ ಪಟ್ಟಿಯ ಪ್ರಕಾರ ಇನ್ಸುಲಿನ್ ಎಷ್ಟು ಯೂನಿಟ್ ಎಂದು ನಿಶ್ಚಯಿಸಿ, ಕುದಿಸಿಟ್ಟ ಪಿಚಕಾರಿಯಲ್ಲಿ ಎಳೆದು, ತೊಡೆಗೋ ತೋಳಿಗೋ ದಿನಕ್ಕೊಂದು ಜಾಗ ಬದಲಾಯಿಸಿ ಚುಚ್ಚಬೇಕು. ಚುಚ್ಚಿದ ಅರ್ಧ ಗಂಟೆಗೆ ತೂಗಿ ಕೊಟ್ಟ ಊಟ. ಸಂಜೆ ಆರಕ್ಕೆ ಮತ್ತೆ ಅಷ್ಟೂ. ಔಷಧದ ಬಾಟಲಿಯನ್ನು ತಂಪಾಗಿಡಲು ನೀರಿನ ಹರವಿಯ ಪಕ್ಕ ಒಂದು ಕುಡಿಕೆಯಲ್ಲಿ ಒದ್ದೆ ಮರಳು ತುಂಬಿ ಅದರಲ್ಲಿ ಹೂಳುತ್ತಿದ್ದೆ.

ಭಾನುವಾರಕ್ಕೊಮ್ಮೆ ಅವಳ ತೂಕ ನೋಡಬೇಕಿತ್ತು. ಮನೆಯಲ್ಲಿ ಬೇರೆ ತಕ್ಕಡಿ ಇಲ್ಲವೆಂದು ಮಂಡಿಯ ದೊಡ್ಡ ತಕ್ಕಡಿಯಲ್ಲೇ ಕೂರಿಸುವ ಏರ್ಪಾಡು ಮಾಡಿದವಳು ನಾನೇ. ಒಂದು ತಟ್ಟೆಯಲ್ಲಿ ಕಬ್ಬಿಣದ ಕಲ್ಲುಗಳು, ಇನ್ನೊಂದರಲ್ಲಿ ಮೊಣಕಾಲು ಅಪ್ಪಿಕೊಂಡು ಕೂತ ಹುಡುಗಿ. ಸುತ್ತ ಹಣ್ಣು ಆರಿಸುತ್ತಿದ್ದ ಕೂಲಿಯವರು. ತೂಗುವವನು ಅಭ್ಯಾಸಬಲದಿಂದ ತೂಕವನ್ನು ಮೂರು ಸಲ ಕೂಗುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದೇನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಮೊದಲ ಮೂರು ವಾರ ಹಸಿರು, ನೀಲಿ, ಹಸಿರು. ತೂಕವೂ ಒಂದಿಷ್ಟು ಏರಿತು. ಆದರೆ ಆ ಮನೆ ನನಗೆ ಉಸಿರು ಕಟ್ಟಿಸತೊಡಗಿತ್ತು. ನರ್ಸು ಎಂದರೆ ಯಾರ ಯಾರದೋ ಹೊಲಸು ಮುಟ್ಟಿದವಳು ಎಂದು ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಊಟ ಹಿಂದಿನ ಜಗುಲಿಯಲ್ಲಿ. ಬೆಳಗಿನ ಸೂಜಿಗೂ ಸಂಜೆಯ ಸೂಜಿಗೂ ನಡುವೆ ಹನ್ನೊಂದು ಗಂಟೆ, ಅಷ್ಟರಲ್ಲಿ ಎಲ್ಲಿಗೆ ಹೋಗಿ ಬರಲು ಸಾಧ್ಯ? ಮೇ ತಿಂಗಳಲ್ಲಿ ಮಾಲೂರಿನ ನಮ್ಮ ಮನೆಯಲ್ಲಿ ತಮ್ಮನ ಮದುವೆ. ಎರಡು ದಿನ ಬಿಡಿ ಎಂದು ಯಜಮಾನರನ್ನು ಕೇಳಿಕೊಂಡೆ.

"ನೀವು ಹೋದ್ರೆ ಸೂಜಿ ಯಾರು ಚುಚ್ತಾರೆ ನರ್ಸಮ್ಮ? ನಾನಾ?" ಎಂದರು ಅವರು. ಕೋಪವಿರಲಿಲ್ಲ, ನಿಜವಾಗಿಯೇ ಕೇಳಿದ್ದರು.

ಮದುವೆಯ ದಿನ ಹುಡುಗಿ ತೋಳು ಒಡ್ಡುತ್ತಾ ಮೆಲ್ಲಗೆ, "ನನ್ನಿಂದ ನಿಮಗೆ ಮದುವೆ ತಪ್ಪೋಯ್ತು" ಎಂದಳು. ಇಲ್ಲಮ್ಮ ಎನ್ನಬೇಕಿತ್ತು. ಅನ್ನಲಿಲ್ಲ. ಹತ್ತಿಯಿಂದ ಜಾಗ ಒರೆಸಿ, ಚುಚ್ಚಿ, ಪಿಚಕಾರಿ ತೊಳೆಯಲು ಎದ್ದು ಹೋದೆ.

ಅದಾದ ವಾರಕ್ಕೆ ಮೊದಲ ಬಾಟಲಿ ಮುಗಿದು, ಬೆಂಗಳೂರಿನಿಂದ ತರಿಸಿದ ಎರಡನೆಯದು ಬಂತು. ಮಂಡಿಯ ಗುಮಾಸ್ತರೊಬ್ಬರು ಬಸ್ಸಿನಲ್ಲಿ ತಂದುಕೊಟ್ಟರು. ಅದನ್ನು ಶುರುಮಾಡಿದ ಮೂರನೆಯ ದಿನ ನಳಿಕೆಯಲ್ಲಿ ಹಳದಿ ಬಂತು. ಐದನೆಯ ದಿನ ಇಟ್ಟಿಗೆ ಕೆಂಪು.

ನಳಿಕೆಯನ್ನು ಹಿಡಿದುಕೊಂಡೇ ನಾನು ತೊಟ್ಟಿಗೆ ಬಂದೆ. ಅಲ್ಲಿ ಹುಡುಗಿಯ ಅಮ್ಮ ಅಕ್ಕಿ ಆರಿಸುತ್ತಿದ್ದರು, ಅಜ್ಜಿ ಬತ್ತಿ ಹೊಸೆಯುತ್ತಿದ್ದರು, ಯಜಮಾನರು ಕಾಫಿ ಕುಡಿಯುತ್ತಿದ್ದರು. ಎಲ್ಲರ ಮುಂದೆ ಕೇಳಿದೆ.

"ಏನು ತಿಂದೆ?"

"ಏನೂ ಇಲ್ಲ. ನೀವು ಕೊಟ್ಟಿದ್ದೇ ತಿಂದಿದ್ದು."

"ನಿಜ ಹೇಳು. ಹಣ್ಣು ತಿಂದ್ಯಾ?"

"ದೇವರಾಣೆ ಇಲ್ಲ."

"ನಾಲಿಗೆ ಸುಳ್ಳು ಹೇಳಬಹುದಮ್ಮ. ನಳಿಕೆ ಹೇಳಲ್ಲ" ಎಂದೆ. ಮಾತು ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು. ಅಮ್ಮ ಮೊರವನ್ನು ಕೆಳಗಿಟ್ಟು ಅಳತೊಡಗಿದರು. ಅಜ್ಜಿ, "ಮಾ ವಂಶಂಲೋ ಎವ್ವರಿಕೀ ಲೇದಮ್ಮಾ ಇದಿ" ಎಂದು ಹಣೆ ಚಚ್ಚಿಕೊಂಡರು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ್ದು ಇವಳಿಗೇಕೆ ಬಂತು ಎಂಬುದು ಅವರ ನಿತ್ಯದ ಪ್ರಶ್ನೆ. ಕುರುಡುಮಲೆ ಗಣಪನಿಗೆ ಹೊತ್ತ ಹರಕೆಯನ್ನು ಇನ್ನೊಮ್ಮೆ ನೆನಪಿಸಿಕೊಂಡರು. ಯಜಮಾನರು ಎದ್ದು, ಮನೆಯಿಂದ ಮಂಡಿಗೆ ಹೋಗುವ ಬಾಗಿಲಿಗೆ ಬೀಗ ಹಾಕಿಸಿದರು.

ಮಾರನೆಯ ದಿನವೂ ಕೆಂಪು. ಅದರ ಮಾರನೆಯ ದಿನ ಅವಳ ಕಿಟಕಿಯ ಕೆಳಗೆ ಒಣಗಿದ ಮಾವಿನ ಸಿಪ್ಪೆ ಸಿಕ್ಕಿತು. ಮಂಡಿಯ ಮನೆಯಲ್ಲಿ ಮಾವಿನ ಸಿಪ್ಪೆ ಎಲ್ಲಿ ಬಿದ್ದಿರುವುದಿಲ್ಲ? ಆದರೂ ಅದನ್ನು ಎತ್ತಿ ತಂದು ಅವಳ ಮುಂದಿಟ್ಟೆ. ಆ ಕಿಟಕಿಗೂ ಹಲಗೆ ಹೊಡೆಸಿದರು. ಬೆಳಗಿನ ಪರೀಕ್ಷೆ ಎಂದರೆ ಆ ಮನೆಯಲ್ಲಿ ಪಂಚಾಯ್ತಿ ಸೇರಿದ ಹಾಗೆ. ನಾನು ನಳಿಕೆ ಎತ್ತಿ ಹಿಡಿಯುವುದು, ಎಲ್ಲರೂ ಕತ್ತು ಚಾಚುವುದು, ಆಮೇಲೆ ಎಲ್ಲರೂ ಅವಳ ಕಡೆ ತಿರುಗುವುದು. ಅವಳು ಉತ್ತರ ಕೊಡುವುದನ್ನೇ ಬಿಟ್ಟಳು. ಗೋಡೆ ನೋಡುತ್ತಾ ನಿಲ್ಲುತ್ತಿದ್ದಳು.

ಎಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೀಲಿ ಬಂತು. ಸಂಜೆ ಮಾಸಲು ಹಸಿರು. ಮರುದಿನ ನೀಲಿ. ನನ್ನ ಬಿಗಿ ಫಲ ಕೊಟ್ಟಿತು ಎಂದುಕೊಂಡೆ. "ನೋಡು, ಮನಸ್ಸು ಮಾಡಿದ್ರೆ ಆಗುತ್ತೆ. ಒಳ್ಳೆ ಹುಡುಗಿ" ಎಂದು ಅವಳ ಬೆನ್ನು ತಟ್ಟಿದೆ. ಎರಡು ದಿನ ಸತತ ನೀಲಿ ಬಂದರೆ ಎರಡು ಯೂನಿಟ್ ಇಳಿಸು ಎಂದು ಪಟ್ಟಿಯಲ್ಲಿತ್ತು. ಇಳಿಸಿದೆ. ಮತ್ತೆ ನೀಲಿ. ಮತ್ತೆ ಇಳಿಸಿದೆ. ಈ ನಡುವೆ ಮೂರನೆಯ ಬಾಟಲಿ ಬಂತು, ಅದನ್ನು ಶುರುಮಾಡಿದೆ. ಬೆಳಿಗ್ಗೆ ಇಪ್ಪತ್ತನಾಲ್ಕು ಇದ್ದದ್ದು ಹದಿನಾಲ್ಕಕ್ಕೆ ಬಂತು. ಸಂಜೆಯದು ಹದಿನಾರರಿಂದ ಎಂಟಕ್ಕೆ. ಡಾಕ್ಟರಿಗೆ ಹೆಮ್ಮೆಯಿಂದ ಕಾಗದ ಬರೆದೆ. ಆ ಎರಡು ಭಾನುವಾರ ಮಂಡಿಯಲ್ಲಿ ಸುಗ್ಗಿಯ ಗಡಿಬಿಡಿ ಇದ್ದದ್ದರಿಂದ ತೂಕ ನೋಡಲಿಲ್ಲ. ಅವಳ ಕೋಣೆಯ ಹೂಜಿ ದಿನಕ್ಕೆ ನಾಲ್ಕು ಸಲ ಬರಿದಾಗುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಬೇಸಗೆ ಎಂದುಕೊಂಡೆ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಪಥ್ಯ ಮಾಡುತ್ತಿದ್ದಾಳೆ ಎಂದುಕೊಂಡೆ. ಕೈಯಲ್ಲಿ ನೀಲಿ ನಳಿಕೆ ಇದ್ದುದರಿಂದ ನಾನು ಹುಡುಗಿಯನ್ನು ನೋಡುವುದನ್ನೇ ಬಿಟ್ಟಿದ್ದೆ.

ಜೂನ್ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಅವಳು ಹೊಟ್ಟೆನೋವು ಎಂದು ಮಲಗಿದಳು. ಪರೀಕ್ಷೆ ನೀಲಿಯೇ ಬಂದಿತ್ತು. ಹನ್ನೊಂದಕ್ಕೆ ಎರಡು ಸಲ ವಾಂತಿಯಾಯಿತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಂಪರು. ಕರೆದರೆ ಕಣ್ಣು ಬಿಡುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ಉಸಿರು ಮಾತ್ರ ಓಡಿ ಬಂದವರಂತೆ ಆಳವಾಗಿ, ಒಂದೇ ಸಮನೆ. ಬಾಗಿ ನೋಡಿದೆ. ಬಾಯಿಂದ ಕೊಳೆಯುವ ಹಣ್ಣಿನ ವಾಸನೆ ಬಂತೆನ್ನಿಸಿತು. ಆ ಮನೆಯಲ್ಲಿ ಯಾವುದರಿಂದ ಹಣ್ಣಿನ ವಾಸನೆ ಬರುತ್ತಿರಲಿಲ್ಲ?

ನಾನು ಸಿಕ್ಕಿಹಾಕಿಕೊಂಡೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪ್ರಜ್ಞೆ ತಪ್ಪುವುದು ಎರಡು ಕಾರಣಕ್ಕೆ. ಸಕ್ಕರೆ ತೀರ ಇಳಿದರೆ ಒಂದು, ತೀರ ಏರಿದರೆ ಇನ್ನೊಂದು. ಇಳಿದಿದ್ದರೆ ಸಕ್ಕರೆ ನೀರು ಕುಡಿಸಬೇಕು, ಇನ್ಸುಲಿನ್ ಕೊಟ್ಟರೆ ಕೊಂದ ಹಾಗೆ. ಏರಿದ್ದರೆ ಇನ್ಸುಲಿನ್ ಕೊಡಬೇಕು, ಕೊಡದಿದ್ದರೆ ಕೊಂದ ಹಾಗೆ. ನನ್ನದೇ ಕೈಬರಹದ ಪುಸ್ತಕ ಹತ್ತು ದಿನದಿಂದ ನೀಲಿ, ನೀಲಿ ಎನ್ನುತ್ತಿತ್ತು. ಅಂದರೆ ಇಳಿದಿದೆ. ಆ ಉಸಿರು ಬೇರೆ ಹೇಳುತ್ತಿತ್ತು. ಕೋಲಾರಕ್ಕೆ ಬೆಳಗಿನ ಬಸ್ಸು ಹೋಗಿಯಾಗಿತ್ತು. ಪುಟ್ಟ ರೈಲು ಬರುವುದು ಇನ್ನೊಂದು ಗಂಟೆಗೆ. ಗುಮಾಸ್ತರ ಕೈಲಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟು ಸ್ಟೇಷನ್ನಿಗೆ ಓಡಿಸಿದೆ. ಡಾಕ್ಟರು ಹೊರಟು ಬರಲು ಸಂಜೆಯಾದರೂ ಆಗುತ್ತದೆ. ಅಲ್ಲಿಯವರೆಗೆ ಕೋಣೆಯಲ್ಲಿ ಇರುವವಳು ನಾನೊಬ್ಬಳೇ.

ಒಬ್ಬಳೇ ಅಲ್ಲ. ಮಂಚದ ಸುತ್ತ ಇಡೀ ಮನೆ ನಿಂತಿತ್ತು.

"ಏನ್ ತಿಂದ್ಯೇ? ಹೇಳೇ, ಏನ್ ತಿಂದೆ?" ಎಂದು ಅಮ್ಮ ಅವಳ ಭುಜ ಅಲ್ಲಾಡಿಸುತ್ತಿದ್ದರು. ನನ್ನ ಪ್ರಶ್ನೆ ಅದು, ನನ್ನ ದನಿಯೇ. ಹುಡುಗಿ ಕಣ್ಣು ತೆರೆದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ತುಟಿ ಬಿಗಿಹಿಡಿದು ಗೋಡೆಗೆ ತಿರುಗಿದಳು. ಅವಳಿಗೆ ಏನೋ ಗೊತ್ತಿದೆ, ಹೇಳುತ್ತಿಲ್ಲ ಎಂದು ಆಗ ನನಗೆ ಹೊಳೆಯಿತು. ಅಷ್ಟು ಜನರ ಮುಂದೆ ಹೇಳುವುದೂ ಇಲ್ಲ.

ನಾನು ಎದ್ದು ನಿಂತು, "ಎಲ್ಲರೂ ಆಚೆ ಹೋಗಿ" ಎಂದೆ.

ಯಾರೂ ಕದಲಲಿಲ್ಲ. ಯಜಮಾನರು, "ನಮ್ಮನ್ನೇನಮ್ಮ ಆಚೆ ಹೋಗಿ ಅಂತೀರಾ? ನನ್ನ ಮಗಳು ಅವಳು" ಎಂದರು.

"ಹೌದು ಯಜಮಾನ್ರೇ. ನೀವೂ ಹೋಗಿ. ಐದೇ ಐದು ನಿಮಿಷ. ಆಮೇಲೆ ನನ್ನನ್ನ ಕೆಲಸದಿಂದ ತೆಗೀಬೇಕಾದ್ರೆ ತೆಗೀರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೆಂಡತಿಯ ತೋಳು ಹಿಡಿದು ಎಬ್ಬಿಸಿಕೊಂಡು ಹೊರಗೆ ಹೋದರು. ಅಜ್ಜಿ ಗೊಣಗುತ್ತಾ ಹಿಂದೆ ಹೋದರು. ನಾನು ಬಾಗಿಲು ಹಾಕಿದೆ. ಕಿಟಕಿಗೆ ಹಲಗೆ ಹೊಡೆದಿದ್ದರಿಂದ ಕೋಣೆ ಕತ್ತಲಾಯಿತು.

ಮಂಚದ ಪಕ್ಕ ನೆಲದ ಮೇಲೆ ಕೂತೆ. ನನ್ನ ಮುಖ ಅವಳ ಮುಖದ ಮಟ್ಟಕ್ಕೆ ಬಂತು. ಏನು ತಿಂದೆ ಎಂಬ ಮಾತು ಮತ್ತೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನೀನು ಆವತ್ತು ಏನೂ ತಿಂದಿರ್ಲಿಲ್ಲ. ನಾನು ನಂಬ್ತೀನಿ" ಎಂದೆ.

ಸತ್ಯವಾಗಿ ಹೇಳಬೇಕೆಂದರೆ, ಆ ಮಾತು ಆಡುವಾಗ ನನಗೆ ನಂಬಿಕೆ ಇತ್ತೋ ಇಲ್ಲವೋ ಗೊತ್ತಿಲ್ಲ. ಆಡಿದ ಮೇಲೆ ಬಂತು. ಹುಡುಗಿಯ ಕಣ್ಣಿನಿಂದ ನೀರಿಳಿಯಿತು. ಒಣಗಿದ ಬಾಯಿಂದ ಮಾತು ತುಂಡುತುಂಡಾಗಿ ಬಂತು.

"ನೀರು... ನೀರು ಬೆರೆಸ್ತಿದ್ದೆ ನರ್ಸಮ್ಮ. ಲೋಟದ ತುಂಬ ನೀರು. ಅದು ಒಂದ್ ಚಮಚ."

"ಎಷ್ಟು ದಿನದಿಂದ?"

"ನೀಲಿ ಬಂದಾಗಿಂದ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು, "ಕೆಂಪು ಬಂದ್ರೆ ಅಮ್ಮ ಊಟ ಬಿಡ್ತಾಳೆ. ನೀಲಿ ಬಂದ್ರೆ ಊಟ ಮಾಡ್ತಾಳೆ."

ಹತ್ತು ದಿನದಿಂದ ನಾನು ನೀರನ್ನು ಕುದಿಸಿ, ನೀರನ್ನು ನಂಬಿ, ಔಷಧ ಇಳಿಸುತ್ತಾ ಬಂದಿದ್ದೆ.

ಅವಳನ್ನು ಎತ್ತಿ ಕೂರಿಸಿ, ಪಾತ್ರೆ ಹಿಡಿದು, ಆಗ ಬಂದ ಮೂತ್ರವನ್ನೇ ಪರೀಕ್ಷೆ ಮಾಡಿದೆ. ಎಂಟು ಹನಿ. ಕುದಿ ಬರುವ ಮೊದಲೇ ನಳಿಕೆಯಲ್ಲಿ ಇಟ್ಟಿಗೆ ಕೆಂಪು ಕಟ್ಟಿಕೊಂಡಿತು. ಪಟ್ಟಿಯಲ್ಲಿ ಇಂಥ ಹೊತ್ತಿಗೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಡಾಕ್ಟರ ಅಪ್ಪಣೆ ಇಲ್ಲದೆ ನರ್ಸು ಒಂದು ಯೂನಿಟ್ಟನ್ನೂ ಹೆಚ್ಚಿಸುವಂತಿಲ್ಲ. ನಾನು ಮೂವತ್ತು ಎಳೆದೆ. ಪಿಚಕಾರಿಯನ್ನು ಬೆಳಕಿಗೆ ಹಿಡಿಯಲು ಬಾಗಿಲು ತೆರೆದಾಗ ಎದುರಿಗೆ ಯಜಮಾನರು ನಿಂತಿದ್ದರು. "ಮೂವತ್ತು ಕೊಡ್ತಿದ್ದೀನಿ. ಬೆಳಿಗ್ಗೆ ಕೊಟ್ಟಿದ್ದು ಹದಿನಾಲ್ಕು. ಇದು ನನ್ನ ಸ್ವಂತ ಜವಾಬ್ದಾರಿ" ಎಂದೆ. ಅವರು, "ಕೊಡಿ" ಎಂದರು. ಅಷ್ಟೇ.

ಆಮೇಲೆ ಐದು ಗಂಟೆಗಳ ಕಾಲ ಆ ಕೋಣೆಯಿಂದ ಹೊರಗೆ ಬರಲಿಲ್ಲ. ಉಪ್ಪು ಬೆರೆಸಿದ ನೀರನ್ನು ಚಮಚದಲ್ಲಿ ತುಟಿಗೆ ಬಿಡುವುದು, ವಾಂತಿಯಾದರೆ ಕಾಯುವುದು, ಮತ್ತೆ ಬಿಡುವುದು. ಗಂಟೆಗೊಂದು ಪರೀಕ್ಷೆ. ಎರಡಕ್ಕೆ ಕೆಂಪು, ಇಪ್ಪತ್ತು ಯೂನಿಟ್. ಮೂರಕ್ಕೆ ಕೆಂಪು. ನಾಲ್ಕಕ್ಕೆ ಕಿತ್ತಳೆ ಬಣ್ಣಕ್ಕೆ ಇಳಿದ ಹಾಗೆ ಕಂಡಿತು, ಆದರೆ ನನ್ನ ಕಣ್ಣನ್ನು ನಾನೇ ನಂಬುವ ಸ್ಥಿತಿಯಲ್ಲಿರಲಿಲ್ಲ. ಅಮ್ಮನನ್ನು ಕರೆದು ತೋರಿಸಿದೆ. "ಕಿತ್ಲೆ ಹಣ್ಣಿನ ಬಣ್ಣ" ಎಂದರು ಅವರು. ಇನ್ನೊಮ್ಮೆ ಇಪ್ಪತ್ತು ಕೊಟ್ಟೆ. ಐದರ ಹೊತ್ತಿಗೆ ಉಸಿರಿನ ಓಟ ನಿಧಾನವಾಯಿತು. ಸೂರ್ಯ ಇಳಿಯುವ ಮುಂಚೆ ಡಾಕ್ಟರು ಯಾರದೋ ಕಾರಿನಲ್ಲಿ ಬಂದು ತೊಡೆಗೆ ಸೆಲೈನ್ ಏರಿಸಿದರು. ಕಣ್ಣಿನ ರೆಪ್ಪೆ ಎತ್ತಿ ನೋಡಿ, ನಾಡಿ ಹಿಡಿದು, "ಉಳಿದಳು" ಎಂದರು.

ಹೊರಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ನೀರು ಬೆರೆಸಿದ್ದನ್ನೂ, ಅದಕ್ಕೆ ಕಾರಣವಾದ ನನ್ನ ಬಾಯಿಯನ್ನೂ. ಅವರು ಬೈಯಲಿಲ್ಲ. "ಮೊದಲು ಕೆಂಪು ಯಾಕೆ ಬಂತು? ಆ ಬಾಟಲಿ ಇದ್ಯಾ?" ಎಂದು ಕೇಳಿದರು. ಎರಡನೆಯ ಬಾಟಲಿಯನ್ನು ತಳದಲ್ಲಿ ಸ್ವಲ್ಪ ಉಳಿದಿದ್ದಾಗಲೇ ಬಿಟ್ಟು ಹೊಸದನ್ನು ಶುರುಮಾಡಿದ್ದೆ. ಮರಳಿನಿಂದ ತೆಗೆದು ಕೊಟ್ಟೆ. ಅವರು ಲಾಂದ್ರದ ಮುಂದೆ ಹಿಡಿದು ಅಲ್ಲಾಡಿಸಿದರು. ನೀರಿನಂತೆ ತಿಳಿಯಾಗಿರಬೇಕಾದ ಔಷಧದಲ್ಲಿ ಒಡೆದ ಹಾಲಿನಂಥ ಸಣ್ಣ ಸಣ್ಣ ಚೂರುಗಳು ತೇಲುತ್ತಿದ್ದವು. ಗುಮಾಸ್ತರನ್ನು ಕರೆದು ಕೇಳಿದಾಗ, ಆವತ್ತು ಬಸ್ಸಿನಲ್ಲಿ ಜಾಗವಿಲ್ಲದೆ ಗಂಟನ್ನು ಹಿಂದುಗಡೆ, ಇದ್ದಿಲಿನ ಒಲೆಯ ಪಕ್ಕದಲ್ಲಿ ಕಟ್ಟಿದ್ದೆ ಎಂದರು. ಔಷಧ ದಾರಿಯಲ್ಲೇ ಬೆಂದುಹೋಗಿತ್ತು. ಹುಡುಗಿ ಒಂದು ಹೋಳನ್ನೂ ತಿಂದಿರಲಿಲ್ಲ.

ಅವಳು ಎದ್ದು ಕೂರಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಎಲ್ಲರನ್ನೂ ತೊಟ್ಟಿಯಲ್ಲಿ ಕೂರಿಸಿ, ತಪ್ಪು ಹೊರಿಸಿದ್ದು ಎಲ್ಲರೆದುರಿಗಾದ್ದರಿಂದ ಕ್ಷಮೆಯನ್ನೂ ಎಲ್ಲರೆದುರಿಗೇ ಕೇಳಿದೆ. ಬಾಟಲಿ ತೋರಿಸಿ, "ಸುಳ್ಳು ಹೇಳಿದ್ದು ಇದು. ಪಾಪ ಅಲ್ಲ" ಎಂದೆ. ಯಜಮಾನರು ತಲೆ ತಗ್ಗಿಸಿದರು. ಆ ಮಧ್ಯಾಹ್ನ ಬಡಗಿಯನ್ನು ಕರೆಸಿ ಕಿಟಕಿಯ ಹಲಗೆ ಕೀಳಿಸಿದರು.

ಹುಡುಗಿ ಮಾತ್ರ ಅಷ್ಟು ಬೇಗ ಕರಗಲಿಲ್ಲ. "ಈಗ ಹೇಳ್ತೀರಾ. ನಾಳೆ ಕೆಂಪು ಬಂದ್ರೆ?" ಎಂದಳು.

"ಏನು ಕೇಳಿದ್ರೆ ನಿನಗೆ ಹೇಳೋಕಾಗುತ್ತೆ? ನೀನೇ ಹೇಳು" ಎಂದೆ.

ಅವಳು ಬೆರಳು ಮಡಿಸುತ್ತಾ ಎಣಿಸಿದಳು. "ಬಣ್ಣ ನಾನೇ ನೋಡ್ತೀನಿ. ನಾನೇ ಹೇಳ್ತೀನಿ. ತೊಟ್ಟಿಗೆ ತರಬೇಡಿ. ಮತ್ತೆ, ನೀನು ಕೆಂಪು ಮಾಡ್ಕೊಂಡೆ ಅನ್ಬೇಡಿ. ಕೆಂಪು ಬಂದಿದೆ ಅನ್ನಿ."

ಇಷ್ಟೇ ಅವಳು ಕೇಳಿದ್ದು. ಮಾಡಿಕೊಂಡೆ ಎನ್ನುವುದಕ್ಕೂ ಬಂದಿದೆ ಎನ್ನುವುದಕ್ಕೂ ಇರುವ ಅಂತರವನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನದಿಂದ ಕೋಣೆಯ ಬಾಗಿಲು ಹಾಕಿ ಅವಳೇ ನಳಿಕೆ ಕಾಯಿಸಿದಳು, ನಾನು ಪಕ್ಕದಲ್ಲಿ ಕೂತಿದ್ದೆ. ಹಳದಿ ಬಂದ ದಿನ ಅವಳು ನನ್ನ ಮುಖ ನೋಡಿದಳು. ಮುಖವನ್ನು ಹಾಗೆಯೇ ಇಟ್ಟುಕೊಳ್ಳುವುದು ಎಷ್ಟು ಕಷ್ಟ! "ಹಳದಿ ಬಂದಿದೆ. ಎರಡು ಜಾಸ್ತಿ ತಗೋಳೋಣ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ನೆನ್ನೆ ಸಂಜೆ ನೋಡೋಕೆ ಬಂದಿದ್ದ ಅತ್ತೆ ಕೊಟ್ಟ ಕಜ್ಜಾಯ ಅರ್ಧ ತಿಂದೆ" ಎಂದಳು. ಕೇಳದೆ ಬಂದ ಮೊದಲ ನಿಜ ಅದು. ತೂಕವನ್ನು ಮಂಡಿ ಖಾಲಿ ಇರುವ ಹೊತ್ತಿನಲ್ಲಿ, ಅಮ್ಮ ಮತ್ತು ನಾನು ಇಬ್ಬರೇ ಕಲ್ಲು ಇಟ್ಟು ನೋಡತೊಡಗಿದೆವು.

ಅಮ್ಮನಿಗೆ ಕಲಿಸುವುದು ಹೆಚ್ಚು ಕಷ್ಟವಾಯಿತು. "ನಾನು ಹೆತ್ತೋಳು ನರ್ಸಮ್ಮ. ಬಾಯಿ ಮುಚ್ಕೊಂಡು ಹೆಂಗಿರ್ಲಿ?" ಎನ್ನುತ್ತಿದ್ದರು. "ಬಾಯಿ ಮುಚ್ಚಬೇಡಿ. ಬೇರೆ ಮಾತು ಆಡಿ" ಎಂದೆ. ಎರಡು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ಆಡಲು ಬೇರೆ ಮಾತು ಯಾರಿಗೂ ಹೊಳೆಯಲಿಲ್ಲವೆಂದು ಕಾಣುತ್ತದೆ. ಮೂರನೆಯ ದಿನ ಅಮ್ಮ ಅವಳ ಪಕ್ಕ ಕೂತು, ರವಿಕೆಗೆ ಯಾವ ಬಣ್ಣದ ಅಂಚು ಹಾಕಲಿ ಎಂದು ಕೇಳಿದ್ದು ಕೇಳಿಸಿತು. ಆ ದಿನ ಬೆಳಿಗ್ಗೆ ಕೆಂಪು ಬಂದಿತ್ತು. ಅಮ್ಮ ಊಟ ಮಾಡಿದರು.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಮುಳಬಾಗಿಲಿನಿಂದ ಬಂದ ನೆಂಟರೊಬ್ಬರು ಅವಳ ಮುಂದೆಯೇ, "ಇದಕ್ಕೆ ಮದುವೆ ಹೆಂಗ್ ಮಾಡ್ತೀರೋ" ಎಂದರು. ಅಜ್ಜಿ ಸಾಯುವವರೆಗೂ ಹರಕೆಯ ಮಾತು ಬಿಡಲಿಲ್ಲವಂತೆ. ಹುಡುಗಿ ಒಂದೊಂದು ದಿನ ಪಿಚಕಾರಿ ಕಂಡರೆ ಗೋಡೆಗೆ ತಿರುಗಿ ಮಲಗಿಬಿಡುತ್ತಿದ್ದಳು. ಅಂಥ ದಿನ ನಾನು ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದೆ. ಹತ್ತು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ. ತಾನೇ ಎದ್ದು ತೋಳು ಚಾಚುತ್ತಿದ್ದಳು. ಒಮ್ಮೆ, "ನೀವು ಜುಲೈಗೆ ಹೋಗ್ತೀರ. ನಾನು ಇದರೊಳಗಿಂದ ಎಲ್ಲಿಗೆ ಹೋಗ್ಲಿ ಹೇಳಿ" ಎಂದಳು. ತಮ್ಮನ ಮದುವೆ ತಪ್ಪಿದ್ದಕ್ಕೆ ನಾನು ಪಟ್ಟ ಸಂಕಟ ನೆನಪಾಗಿ ನಾಚಿಕೆಯಾಯಿತು. ನನಗೆ ಮೂರು ತಿಂಗಳ ಸೆರೆ ಅದು.

ಮುಂದೆ ಅವಳಿಗೇನಾಯಿತು ಎಂದು ಕೇಳುವವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಯುದ್ಧ ಮುಗಿಯುವವರೆಗೂ ಔಷಧಕ್ಕೆ ಬಹಳ ಪರದಾಡಿದರು. ಒಂದೆರಡು ಸಲ ಕೋಲಾರದ ಆಸ್ಪತ್ರೆಗೆ ಬಂದು ಮಲಗಿದಳು, ಎದ್ದು ಹೋದಳು. ಬಿಟ್ಟ ಓದನ್ನು ಮನೆಯಲ್ಲೇ ಮುಂದುವರಿಸಿ ಪರೀಕ್ಷೆ ಕಟ್ಟಿದಳು. ಮದುವೆಯಾಗಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳೆಂದು ತಿಳಿಯಿತು. ನಾನು ಕೆಲಸದ ಮೇಲೆ ಬೇರೆ ಊರಿಗೆ ಹೋಗುವವರೆಗೂ ಅವಳ ಕಾಗದಗಳು ಬರುತ್ತಿದ್ದವು.

ನಾನು ಹೊರಡುವ ಹಿಂದಿನ ದಿನ ಸಂಜೆ, ಊಟಕ್ಕೆ ಇನ್ನೂ ಹೊತ್ತಿತ್ತು. ಅವಳು ಪಿಚಕಾರಿ ತೊಳೆಯುತ್ತಾ, ನನ್ನ ಕಡೆ ನೋಡದೆ ಕೇಳಿದಳು.

"ನರ್ಸಮ್ಮ, ಇದು ಯಾವತ್ತಿಗೂ ಹೋಗಲ್ವಾ?"

ಆ ಮನೆಯಲ್ಲಿ ಎಲ್ಲರೂ ಹೋಗುತ್ತದೆ ಎನ್ನುತ್ತಿದ್ದರು. ಬಂದ ಹೊಸತರಲ್ಲಿ ನಾನೂ ಅಂದಿದ್ದೆ. ಈಗಲೂ ಅನ್ನಬಹುದಿತ್ತು, ಬೆಳಿಗ್ಗೆ ಬಸ್ಸು ಹತ್ತಿಬಿಡುವವಳು ನಾನು.

"ಹೋಗಲ್ಲ" ಎಂದೆ.

ಅವಳು ಪಿಚಕಾರಿಯನ್ನು ಬಟ್ಟೆಯ ಮೇಲೆ ಇಟ್ಟಳು. ಸೂಜಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಯುದ್ಧದಿಂದಾಗಿ ಹೊಸ ಸೂಜಿ ಸಿಕ್ಕುತ್ತಿರಲಿಲ್ಲ. ಇದ್ದದ್ದು ಎರಡೇ, ಅವೂ ಮೊಂಡಾಗುತ್ತಿದ್ದವು. ವಾರಕ್ಕೊಮ್ಮೆ ನಾನು ಸಾಣೆಕಲ್ಲಿನಲ್ಲಿ ಉಜ್ಜಿ ಚೂಪು ಮಾಡುತ್ತಿದ್ದೆ.

"ಹಂಗಾದ್ರೆ ಸೂಜಿ ಸಾಣೆ ಹಿಡಿಯೋದು ಹೇಳ್ಕೊಡಿ" ಎಂದಳು.

ಜಗುಲಿಯಲ್ಲಿ ಇಬ್ಬರೂ ಕೂತೆವು. ಕಲ್ಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಸೂಜಿಯ ಇಳಿಜಾರು ಮುಖ ಕಲ್ಲಿಗೆ ಪೂರ್ತಿ ಕೂರುವಂತೆ ಹಿಡಿದು, ಒಂದೇ ದಿಕ್ಕಿಗೆ ಎಳೆಯುವುದನ್ನು ತೋರಿಸಿದೆ. ಚೂಪಾಯಿತೋ ಇಲ್ಲವೋ ತಿಳಿಯಲು ಮೊನೆಯನ್ನು ಹತ್ತಿಯಲ್ಲಿ ತೂರಿಸಿ ತೆಗೆಯಬೇಕು. ಎಳೆ ಸಿಕ್ಕಿಕೊಂಡು ಬಂದರೆ ಇನ್ನೂ ಮುಳ್ಳಿದೆ ಎಂದರ್ಥ. ಮೊದಲ ಸಲ ಎಳೆ ಬಂತು. ಎರಡನೆಯ ಸಲವೂ ಬಂತು. ಅವಳು ತುಟಿ ಕಚ್ಚಿಕೊಂಡು ಮತ್ತೆ ಕಲ್ಲಿನ ಮೇಲೆ ಬಾಗಿದಳು. ಕೈ ಚಾಚಿ ಸರಿಮಾಡಬೇಕೆನ್ನಿಸಿತು. ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ. ಮೂರನೆಯ ಸಲ ಸೂಜಿ ಹತ್ತಿಯಿಂದ ನುಣ್ಣಗೆ ಆಚೆ ಬಂತು.